ಗುಮ್ಮಟದ ಊರಿನಲ್ಲಿ ಒಂದು ಹಳೆಯ ಸೈಕಲ್

ವಿಜಯಪುರಕ್ಕೆ ಹೋಗಿ ಬಂದೆ ಎಂದರೆ ಸಾಕು, "ಗೋಳಗುಮ್ಮಟ ನೋಡಿದಿರೇನ್ರೀ?" ಎಂದೇ ಎಲ್ಲರೂ ಕೇಳುತ್ತಾರೆ. ನೋಡಿದೆ. ಆದರೆ ಈ ಸಲ ನಾನು ಹೋದದ್ದು ಗುಮ್ಮಟ ನೋಡಲಿಕ್ಕಲ್ಲ, ಒಂದು ಹಳೆಯ ಸೈಕಲ್ ನೋಡಲಿಕ್ಕೆ. ನಗಬೇಡಿ! ಆ ಸೈಕಲ್ಲಿಗೆ ಹೇಳಿದ ಬೆಲೆ ಕೇಳಿದರೆ ನಿಮ್ಮ ನಗು ಅಲ್ಲಿಗೇ ನಿಲ್ಲುತ್ತದೆ. 36,000 ರೂಪಾಯಿ. ಅದೂ ಬೇರೊಬ್ಬರು ತುಳಿದು ಬಿಟ್ಟದ್ದು.

ನಮ್ಮದು ಬೀಳಗಿ. ನಮ್ಮ ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಸೈಕಲ್ಲಿನ ಹುಚ್ಚು ಇವತ್ತಿನದಲ್ಲ. ಜಾತ್ರೆ ಬಂತೆಂದರೆ ಸೈಕಲ್ ಪಂದ್ಯ ಇದ್ದೇ ಇರುತ್ತದೆ. ಈ ಕಡೆಯ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕಗಳನ್ನೂ ತಂದಿದ್ದಾರೆ. ನನ್ನ ದೊಡ್ಡ ಮಗಳಿಗೆ ಎಂಟನೆಯ ತರಗತಿಯಲ್ಲಿದ್ದಾಗ ಸರಕಾರದಿಂದ ಒಂದು ಸೈಕಲ್ ಬಂದಿತ್ತು. ಚಿಕ್ಕವಳು ಅದನ್ನೇ ತುಳಿದು ಜಾತ್ರೆಯ ಪಂದ್ಯದಲ್ಲಿ ಎರಡನೆಯವಳಾಗಿ ಬಂದಳು. ಅಲ್ಲಿಂದ ಶುರುವಾಯಿತು ನೋಡಿ. "ಅವ್ವಾ, ರೇಸಿನ ಸೈಕಲ್ ಇಲ್ದ ಮುಂದ ಹೋಗೂದು ಆಗೂದಿಲ್ಲ" ಎಂದು ಊಟ ಬಿಟ್ಟು ಕುಳಿತಳು. ಎರಡು ತಿಂಗಳಿಗೆ ಜಿಲ್ಲಾ ಮಟ್ಟದ ಪಂದ್ಯ ಬೇರೆ.

ರೇಸಿನ ಸೈಕಲ್ ನೀವು ಹತ್ತಿರದಿಂದ ನೋಡಿರಲಿಕ್ಕಿಲ್ಲ, ನಾನೂ ನೋಡಿರಲಿಲ್ಲ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ಹೆಬ್ಬೆರಳಿನಷ್ಟು ದಪ್ಪದ ಟೈರು. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ನಮ್ಮ ಮನೆಯ ಹಳೆಯ ಸೈಕಲ್ 20 ಕಿಲೋ ತೂಗಿದರೆ ಇದು ಹತ್ತರ ಆಸುಪಾಸು. ಒಂದೇ ಕೈಯಲ್ಲಿ ಎತ್ತಬಹುದು. ಹೊಸದಕ್ಕೆ ಐವತ್ತು ಅರವತ್ತು ಸಾವಿರ. ಎರಡು ಎಮ್ಮೆಗಳ ಹಾಲು ಮಾರಿ ನಾನು ಕೂಡಿಟ್ಟದ್ದು 35,000. "ಆ ರೊಕ್ಕಕ್ಕ ಹಳೇ ಮೋಟರ್‌ಸೈಕಲ್ ಬರ್ತದಲ್ಲ!" ಎಂದರು ನಮ್ಮ ಮನೆಯವರು. ಅತ್ತೆಯವರಂತೂ ಎರಡು ದಿನ ನನ್ನ ಜೊತೆ ಮಾತೇ ಬಿಟ್ಟರು. ಹಾಲಿನ ರೊಕ್ಕ ನನ್ನದು, ಅದಕ್ಕೆ ನಾನೇ ಹೊರಟೆ. ವಿಜಯಪುರದಲ್ಲಿ ತಂಗಿಯ ಮನೆ ಇದ್ದದ್ದು ಅನುಕೂಲವಾಯಿತು.

ಬೆಳಗಿನ ಬಸ್ಸು ಹತ್ತಿದೆವು. ಬೀಳಗಿ ಕ್ರಾಸ್ ದಾಟಿ ಕೊರ್ತಿ ಬಂತೆಂದರೆ ಕೃಷ್ಣೆಯ ಮೇಲಿನ ಸೇತುವೆ. ಮುಗಿಯುವುದೇ ಇಲ್ಲವೇನೋ ಎನ್ನಿಸುವಷ್ಟು ಉದ್ದ. ಎರಡೂ ಕಡೆ ಆಲಮಟ್ಟಿಯ ಹಿನ್ನೀರು. ಆ ನೀರಿನ ಕೆಳಗೆ ಎಷ್ಟು ಮಂದಿಯ ಮನೆ, ಹೊಲ ಇವೆಯೋ ಎಂದು ಪ್ರತಿಸಲ ನೆನಪಾಗುತ್ತದೆ. ಆಚೆ ದಡ ಮುಟ್ಟಿದರೆ ಕೊಲ್ಹಾರ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಅಲ್ಲಿಯ ಮೊಸರು ಎಷ್ಟು ಗಟ್ಟಿ ಎಂದರೆ ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುತ್ತಾರೆ. ಮುಂದೆ ಬಯಲೋ ಬಯಲು. ಕರಿಮಣ್ಣು, ಜೋಳ, ಉಳ್ಳಾಗಡ್ಡಿ, ಅಲ್ಲಲ್ಲಿ ದ್ರಾಕ್ಷಿಯ ಚಪ್ಪರ. ಮರ ಕಡಿಮೆ, ಗಾಳಿ ಜಾಸ್ತಿ. ಇಂಥ ರಸ್ತೆಯಲ್ಲಿ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಬೇರೆ ಕಡೆಯ ರಸ್ತೆ ಹಗುರ ಅನ್ನಿಸದೆ ಇದ್ದೀತೇ?

ಬಸ್ಸು ಇಳಿದವರೇ ನೆಟ್ಟಗೆ ಅಂಗಡಿಗೆ ಹೋದೆವು. ಯಾವ ಅಂಗಡಿ ಎಂದು ನಾನು ಹೇಳುವುದಿಲ್ಲ. ಕೆಂಪು ಬಣ್ಣದ ಸೈಕಲ್, ಮದುವೆಯ ಹೆಣ್ಣಿನ ಹಾಗೆ ಮಿಂಚುತ್ತ ನಿಂತಿತ್ತು. ಹೊಸ ಟೈರು, ಹ್ಯಾಂಡಲ್ಲಿಗೆ ಹೊಸ ಬಿಳಿ ಪಟ್ಟಿ. ಮಗಳ ಕಣ್ಣು ಅಲ್ಲಿಂದ ಕೀಳಲಿಲ್ಲ. ಹತ್ತಿಸಿ ನೋಡಿದರೆ ಅವಳ ಕಾಲಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. "ಬೆಳಿಯೂ ಹುಡುಗಿ ಅಲ್ರೀ ಅಕ್ಕಾರ, ಮುಂದಿನ ವರ್ಷಕ್ಕ ಸರಿ ಆಗ್ತದ" ಎಂದ ಅಂಗಡಿಯವನು. ನನಗೂ ಅದು ಸರಿಯೆನ್ನಿಸಿತು. ಮಕ್ಕಳ ಫ್ರಾಕು ಯಾವತ್ತೂ ಎರಡು ಬೆರಳು ಉದ್ದಕ್ಕೇ ಹೊಲಿಸಿದವಳಲ್ಲವೇ ನಾನು! 5,000 ಮುಂಗಡ ಕೊಟ್ಟುಬಿಡಲೆಂದು ಚೀಲದ ಜಿಪ್ಪು ಎಳೆದಾಗಿತ್ತು. ಏನೋ ಒಂದು ಅಳುಕು. "ನಾಳೆ ನಮ್ಮ ಕಡೆಯವರನ್ನ ಕರ್ಕೊಂಡು ಬಂದು ತೋರಿಸ್ತೀನ್ರಿ" ಎಂದೆ. ಅವನ ಮುಖ ಸ್ವಲ್ಪ ಸಣ್ಣದಾಯಿತು. "ಸಂಜೀತನಕ ಅಷ್ಟ ಇಡ್ತೀನ್ರಿ, ಗಿರಾಕಿ ಭಾಳ ಅದಾರ" ಎಂದ.

ಸಂಜೆಯವರೆಗೆ ಏನು ಮಾಡುವುದು? ತಂಗಿಯ ಗಂಡ ಕೆಲಸದಿಂದ ಬರಬೇಕು. ಮಗಳನ್ನು ಕರೆದುಕೊಂಡು ಗೋಳಗುಮ್ಮಟಕ್ಕೆ ಹೋದೆ. ನಾನು ಹೈಸ್ಕೂಲಿನ ಪ್ರವಾಸದಲ್ಲಿ ನೋಡಿದ್ದೇ ಕೊನೆ. ಮಹಮ್ಮದ್ ಆದಿಲ್ ಶಾಹಿಯ ಗೋರಿ ಅದು, 17ನೆಯ ಶತಮಾನದ್ದು. ಒಳಗೆ ಒಂದು ಕಂಬವೂ ಇಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಂತಿದೆ. ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಮೊಣಕಾಲು ನೋವಿನವರು ಹುಷಾರು, ನಾನಂತೂ ಮೂರು ಕಡೆ ಕುಳಿತೆ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, 120 ಅಡಿಗೂ ಮಿಕ್ಕಿದ ದೂರದಲ್ಲಿ ಎದುರಿಗೆ ಕುಳಿತವರ ಕಿವಿಗೆ ಬೀಳುತ್ತದೆ. ಕಿರುಚಿ ಮಾರ್ದನಿ ಕೇಳುವವರ ಗದ್ದಲ ಮಾತ್ರ ವಿಪರೀತ. ಅವರು ಇಳಿದುಹೋಗುವ ತನಕ ಕಾದು, ಮಗಳು ಆಚೆ ಬದಿಗೆ ಹೋಗಿ ಗೋಡೆಗೆ ಮುಖ ಕೊಟ್ಟಳು. ನನ್ನ ಕಿವಿಯಲ್ಲೇ ಹೇಳಿದ ಹಾಗೆ ಕೇಳಿಸಿತು: "ಅವ್ವಾ, ಆ ಕೆಂಪ ಸೈಕಲ್ಲ ಕೊಡಸಬೇ."

ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಅಲ್ಲಿಯೇ ತೀರ್ಮಾನ ಮಾಡಿಬಿಟ್ಟಿದ್ದೆ, ಕೊಡಿಸುವುದೇ ಸರಿ ಎಂದು.

ತಂಗಿಯ ಗಂಡ ಸಂಜೆ ಒಬ್ಬ ಮಿಸ್ತ್ರಿಯನ್ನು ಕರೆತಂದರು. ಬಾರಾಕಮಾನಿನ ಕಡೆ ಒಂದು ಓಣಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಾ ಕೂದಲು ಹಣ್ಣಾದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಅಂಗಡಿಯಲ್ಲಿ ಚಾಚಾ ಆ ಹೊಳೆಯುವ ಟೈರನ್ನಾಗಲಿ ಬಿಳಿ ಪಟ್ಟಿಯನ್ನಾಗಲಿ ಕಣ್ಣೆತ್ತಿ ನೋಡಲಿಲ್ಲ. ಸೈಕಲ್ ತಿರುವಿ ನಿಲ್ಲಿಸಿ, ಹ್ಯಾಂಡಲ್ಲಿನ ಕುತ್ತಿಗೆಯಿಂದ ಪೆಡಲ್ಲಿಗೆ ಇಳಿದು ಬರುವ ದಪ್ಪ ಕೊಳವೆಯ ಕೆಳಭಾಗಕ್ಕೆ ಬೆರಳು ಆಡಿಸಿದರು. ಒಂದು ಕಡೆ ನಿಂತರು. ನನ್ನ ಕೈ ಹಿಡಿಸಿ, "ಇಲ್ಲಿ ಮುಟ್ಟಿ ನೋಡ್ರಿ ಬಾಯಿ" ಎಂದರು. ಬೆರಳಿಗೆ ಸಣ್ಣ ಉಬ್ಬು ಸಿಕ್ಕಿತು, ದೋಸೆಯ ಅಂಚು ಎದ್ದ ಹಾಗೆ. ಅದರ ಪಕ್ಕದಲ್ಲೇ ಕೂದಲೆಳೆಯಂಥ ಒಂದು ಗೆರೆ. ನಾನದನ್ನು ಬಣ್ಣ ಬಿರಿದದ್ದು ಎಂದುಕೊಂಡಿದ್ದೆ. "ಮುಂದ ಗ್ವಾಡಿಗೋ ಗಾಡಿಗೋ ಜೋರ ಬಡದದ. ಆಮ್ಯಾಲೆ ಬಣ್ಣ ಹೊಡದಾರ. ಒಂದಿನ ಇಳಕಲಿನ್ಯಾಗ ಇಲ್ಲೇ ಮುರೀತದ" ಎಂದರು ಮೆಲ್ಲಗೆ. ಕಬ್ಬಿಣದ್ದಾದರೆ ಬೆಸೆಯಬಹುದಂತೆ. ಅಲ್ಯೂಮಿನಿಯಂ ಬೆಸೆದರೂ ಇಡೀ ಫ್ರೇಮಿಗೆ ಮತ್ತೆ ಕಾಯಿಸಿ ಹದ ಕೊಡಬೇಕು, ಅದು ಓಣಿಯ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. "ಹಂಗಾದ್ರ ಬೆಲಿ ಎಷ್ಟ ಕಡಿಮಿ ಮಾಡ್ಸೂಣ ಚಾಚಾ?" ಎಂದೆ ನಾನು ಪೆದ್ದಿಯ ಹಾಗೆ. "ಪುಕ್ಕಟೆ ಕೊಟ್ರೂ ಬ್ಯಾಡ್ರಿ" ಎಂದರು. ಅಂಗಡಿಯವನು ಗೋಡೆ ನೋಡುತ್ತಾ ನಿಂತಿದ್ದ.

ಅವತ್ತು ರಾತ್ರಿ ಮಗಳು ತಂಗಿ ಮಾಡಿದ ಶೇಂಗಾ ಹೋಳಿಗೆಯನ್ನೂ ಮುಟ್ಟಲಿಲ್ಲ. ನನಗೆ ನಿದ್ದೆ ಬರಲಿಲ್ಲ. ಆ 5,000 ಕೊಟ್ಟಿದ್ದರೆ? ದುಡ್ಡು ಹೋಗಲಿ, ಆ ಕೂದಲೆಳೆ ಗೆರೆಯ ಮೇಲೆ ಕೂತು ನನ್ನ ಮಗಳು ಇಳಿಜಾರಿನಲ್ಲಿ ಬರುತ್ತಿದ್ದರೆ?

ಚಾಚಾ ಬೇರೊಬ್ಬ ಹುಡುಗನ ವಿಷಯ ಹೇಳಿ ಹೋಗಿದ್ದರು. ನಾಲ್ಕೈದು ವರ್ಷ ಪಂದ್ಯಗಳಲ್ಲಿ ಓಡಿಸಿ, ಈಗ ನೌಕರಿ ಸಿಕ್ಕಿ ಊರು ಬಿಡುತ್ತಿದ್ದಾನೆ, ಸೈಕಲ್ ಕೊಡುವವನಿದ್ದಾನೆ, 30,000 ಹೇಳುತ್ತಾನೆ ಎಂದು. ಮಾರುವವರು ಯಾಕೆ ಮಾರುತ್ತಾರೆ ಎಂದು ಮೊದಲು ಕೇಳಿ. ಎಮ್ಮೆ ಕೊಳ್ಳುವಾಗ ನಾವು ಕೇಳುವುದಿಲ್ಲವೇ? ಹಾಗೆಯೇ.

ಮರುದಿನ ನಸುಕಿನಲ್ಲೇ ಗುಮ್ಮಟದ ಮುಂದಿನ ರಸ್ತೆಗೆ ಹೋದೆವು. ಹಗಲಿನಲ್ಲಿ ಟಾಂಗಾ, ಆಟೊ, ಪ್ರವಾಸಿಗರು ತುಂಬಿರುವ ಆ ರಸ್ತೆ ಆ ಹೊತ್ತಿನಲ್ಲಿ ಖಾಲಿ. ಮಸುಕಿನಲ್ಲಿ ಗುಮ್ಮಟ ಹಗಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಏಳೆಂಟು ಹುಡುಗರು ಒಬ್ಬರ ಹಿಂದೊಬ್ಬರು ಸಾಲಾಗಿ ಸೈಕಲ್ ಮೇಲೆ ಸುಂಯ್ಯೆಂದು ದಾಟಿದರು. ಅವರಲ್ಲಿ ಜಡೆಯ ಹುಡುಗಿಯರು ಇಬ್ಬರು. ಮಗಳು ಮೊದಲ ಬಾರಿಗೆ ಮುಖ ಎತ್ತಿದಳು.

ಆ ಹುಡುಗನ ಸೈಕಲ್ ನೋಡಲಿಕ್ಕೆ ಏನೂ ಚೆಂದವಿರಲಿಲ್ಲ. ಬೂದಿಯ ಬಣ್ಣ, ಅಲ್ಲಲ್ಲಿ ತರಚು, ಹ್ಯಾಂಡಲ್ಲಿನ ಪಟ್ಟಿ ಹರಿದು ಜೋಲಾಡುತ್ತಿತ್ತು. ಚಾಚಾ ಮಾತ್ರ ಈ ಸಲ ಅವಸರ ಮಾಡಲಿಲ್ಲ. ಒಂದೊಂದನ್ನೂ ನನಗೆ ತೋರಿಸುತ್ತ ಹೋದರು. ನಿಮಗೂ ಉಪಯೋಗವಾದೀತೆಂದು ನೆನಪಿದ್ದಷ್ಟು ಬರೆಯುತ್ತೇನೆ.

ಮೊದಲು ಅಳತೆ. ಮಗಳ ಎತ್ತರ 5 ಅಡಿ 3 ಇಂಚು. ನಡುವಿನ ಕೊಳವೆಯನ್ನು ದಾಟಿ ನಿಂತಾಗ ಎರಡೂ ಅಂಗಾಲು ನೆಲಕ್ಕೆ ಊರಬೇಕು, ಹ್ಯಾಂಡಲ್ ಹಿಡಿದರೆ ಮೊಣಕೈ ಸೆಟೆಯಬಾರದು. ನಿನ್ನೆಯದು 54ರ ಅಳತೆ, ಇದು 50. ಫ್ರಾಕಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಸೈಕಲ್ ತುಳಿದರೆ ಬೆನ್ನು, ಮೊಣಕಾಲು ಹೋಗುತ್ತವೆಯೇ ಹೊರತು ಮಗು ಅದಕ್ಕೆ ಬೆಳೆಯುವ ತನಕ ಕಾಯುವುದಿಲ್ಲ.

ಆಮೇಲೆ ಫ್ರೇಮು. ಕೊಳವೆಗಳು ಕೂಡುವ ಜಾಗಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ ನೋಡಿದರು. ಮುಂದಿನ ಗಾಲಿ ಹಿಡಿಯುವ ಫೋರ್ಕು ಕಾರ್ಬನ್ನಿನದಂತೆ. ಅದಕ್ಕೆ ರೂಪಾಯಿ ನಾಣ್ಯದಿಂದ ಮೇಲಿಂದ ಕೆಳಗೆ ಟಕ್ ಟಕ್ ಬಡಿದರು. ಎಲ್ಲ ಕಡೆ ಒಂದೇ ಸಪ್ಪಳ ಬಂದರೆ ಒಳ್ಳೆಯದು, ಒಂದು ಕಡೆ ಮಂದವಾಗಿ ಬೊದ್ ಎಂದರೆ ಅನುಮಾನ. ಇದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ! ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಮಾಡುವುದೇ ಅದಲ್ಲವೇ? ನಾನೂ ನಾಣ್ಯ ಇಸಕೊಂಡು ಬಡಿದೆ. ಸಪ್ಪಳ ಒಂದೇ ಸಮ.

ಗಾಲಿ ಎತ್ತಿ ತಿರುಗಿಸಿದರೆ ರಿಮ್ಮು ಬ್ರೇಕಿನ ಗುಂಡಿಗಳ ನಡುವೆ ಅತ್ತಿತ್ತ ಓಲಾಡಬಾರದು. ಸ್ವಲ್ಪ ಓಲಾಡಿತು, ಕಡ್ಡಿ ಬಿಗಿದರೆ ಸರಿಹೋಗುತ್ತದೆ ಎಂದರು. ಬ್ರೇಕು ಉಜ್ಜುವ ರಿಮ್ಮಿನ ಮೈ ತಟ್ಟೆಯ ಹಾಗೆ ಒಳಗೆ ತಗ್ಗಾಗಿದ್ದರೆ ಗಾಲಿಯೇ ಹೊಸದು ಬೇಕಾಗುತ್ತದೆ. ಇದರದು ಸಪಾಟಾಗಿತ್ತು. ಪೆಡಲ್ಲಿನ ಕೋಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರು, ಸಡಿಲವಿರಲಿಲ್ಲ. ಮುಂದಿನ ಬ್ರೇಕು ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದರು, ಕುತ್ತಿಗೆಯಲ್ಲಿ ಟಕ್ಕೆನ್ನಬಾರದು. ಅನ್ನಲಿಲ್ಲ.

ಚೈನಿನ ಪರೀಕ್ಷೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಒಂದಡಿಯ ಉಕ್ಕಿನ ಸ್ಕೇಲು ಸಾಕು. ಹೊಲಿಗೆಯ ಟೇಪು ಬೇಡ, ಅದು ಜಗ್ಗುತ್ತದೆ. ಚೈನಿನ ಪಿನ್ನು ಅರ್ಧ ಇಂಚಿಗೊಂದು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 24ನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೆಯ ಒಂದು ಪಾಲು ಮುಂದೆ ಹೋಗಿದ್ದರೆ ಚೈನು ಸವೆದಿದೆ. ಎಂಟನೆಯ ಒಂದು ಪಾಲು ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲೂ ಕೆಟ್ಟಿದೆ ಎಂದೇ ಲೆಕ್ಕ, ಹೊಸ ಚೈನು ಹಾಕಿದರೆ ಹಳೆಯ ಹಲ್ಲಿನ ಮೇಲೆ ಜಾರುತ್ತದೆ. ಇಲ್ಲಿ ಎಂಟನೆಯ ಒಂದು ಪಾಲೇ ಇತ್ತು. ಹುಡುಗ ತಲೆ ತಗ್ಗಿಸಿ, "ಹೌದ್ರಿ ಚಾಚಾ, ಬದಲಿ ಮಾಡೂದ ಇತ್ತು" ಎಂದ. ಟೈರಿನ ಪಕ್ಕೆಗಳಲ್ಲೂ ಸಣ್ಣ ಬಿರುಕು.

ಇನ್ನು ಗೇರು. ಶಿಮಾನೋ ಸೋರಾ ಎಂಬ ತರಹದ್ದು, ಹಿಂದೆ ಒಂಬತ್ತು ಚಕ್ರ. ಬ್ರೇಕು, ಗೇರು ಎರಡೂ ಒಂದೇ ಹಿಡಿಯಲ್ಲಿ ಇರುತ್ತವೆ. ಕೆಟ್ಟರೆ ಬಹಳ ದುಬಾರಿ ಬೀಳುವುದು ಈ ಹಿಡಿಯೇ. ಹಿಂದಿನ ಗಾಲಿ ಎತ್ತಿ ಒಂಬತ್ತನ್ನೂ ಒಂದೊಂದಾಗಿ ಹತ್ತಿಸಿ ಇಳಿಸಿ ನೋಡಿದರು. ಎಲ್ಲ ಚಕ್ಕನೆ ಕುಳಿತವು. ಕಡೆಗೆ ಪೆಡಲ್ಲಿನ ಅಡಿಯಲ್ಲಿ ಕೆತ್ತಿದ ನಂಬರು. ಹುಡುಗ ತಂದಿದ್ದ 2021ರ ಬಿಲ್ಲಿನಲ್ಲಿ ಅದೇ ನಂಬರಿತ್ತು, ಬೆಲೆ 58,000. ಬಿಲ್ಲಿಲ್ಲದ ಸೈಕಲ್ ಎಷ್ಟು ಸೋವಿಯಾದರೂ ಮುಟ್ಟಬೇಡಿ, ಯಾರ ಮನೆಯ ಮಗುವಿನದೋ ಕದ್ದು ತಂದದ್ದಾಗಿರಬಹುದು.

ಮಗಳು ಹತ್ತಿ ಹೊರಟಳು. ಗುಮ್ಮಟದ ಮುಂದಿನಿಂದ ಸ್ಟೇಷನ್ನಿನ ಕಡೆಗೆ ಹೋದವಳು ಕಾಣಲೇ ಇಲ್ಲ. ನನ್ನ ಎದೆ ಡವಡವ. ಐದು ನಿಮಿಷಕ್ಕೆ ಹಿಂತಿರುಗಿ ಬಂದಳು, ಬೆವೆತ ಮುಖದಲ್ಲಿ ನಿನ್ನೆಯ ಸಿಟ್ಟಿನ ಸುಳಿವೂ ಇಲ್ಲ. "ಅವ್ವಾ, ಇದು ತಾನ ಓಡತದ!" ಎಂದಳು. ಮಾರುವವರ ಎದುರಿಗೆ ಹಾಗೆ ಹೇಳಬಾರದು ಎಂದು ಮೊದಲೇ ಹೇಳಿಕೊಟ್ಟಿದ್ದೆ, ಯಾರು ಕೇಳುತ್ತಾರೆ!

ಚಹದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಬರೆದೆವು. ಚೈನು 1,400. ಹಲ್ಲುಚಕ್ರಗಳ ಗೊಂಚಲು 2,200. ಎರಡು ಟೈರು 2,800. ಬ್ರೇಕಿನ ಗುಂಡಿ 600. ತಂತಿಗಳು 500. ಹ್ಯಾಂಡಲ್ಲಿನ ಪಟ್ಟಿ 400. ಕೂಡಿದರೆ 7,900. ಎಲ್ಲ ಸರಿಯಿದ್ದಿದ್ದರೆ ಈ ಸೈಕಲ್ 32,000ಕ್ಕೆ ಹೋಗುತ್ತಿತ್ತು ಎಂದರು ಚಾಚಾ, ಹುಡುಗನೂ ಒಪ್ಪಿದ. ಅದರಲ್ಲಿ 7,900 ಕಳೆದರೆ 24,100. ನಾನು 24,000 ಎಂದೆ, ಅವನು 26,000 ಎಂದ. ಇಲಕಲ್ ಸೀರೆಗೆ ಚೌಕಾಶಿ ಮಾಡಿದ ನಾಲಗೆ ಸುಮ್ಮನಿರಲಿಲ್ಲ. ಆದರೆ ಆ ಹುಡುಗ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ, ಕರು ಮಾರುವವರ ಹಾಗೆ. ಅವನ ಮುಖ ನೋಡಿ ನಾನೇ ಐನೂರು ಏರಿಸಿದೆ. 24,500ಕ್ಕೆ ಮುಗಿಯಿತು. ಹಳೆಯ ಪಂಪು, ಎರಡು ಟ್ಯೂಬು ಪುಕ್ಕಟೆ ಕೊಟ್ಟ. ಬಿಲ್ಲಿನ ಹಿಂದೆ ಮಾರಿದ್ದೇನೆಂದು ಬರೆದು ಸಹಿ ಹಾಕಿದ.

ಆ ದಿನವೇ ಚಾಚಾ ಎಲ್ಲ ಸಾಮಾನು ಹಾಕಿ, ಗಾಲಿ ನೆಟ್ಟಗೆ ಮಾಡಿ ಕೊಟ್ಟರು. ಕೂಲಿ 500 ತೆಗೆದುಕೊಂಡರು. ನಿನ್ನೆಯ ಅಂಗಡಿಗೆ ಬಂದದ್ದಕ್ಕೆ ಏನೂ ಮುಟ್ಟಲಿಲ್ಲ. ಒಟ್ಟು ಖರ್ಚು 32,900. ಬಸ್ಸಿನಲ್ಲಿ ಗಾಲಿ ಬಿಚ್ಚಿ ಹಿಂದಿನ ಸೀಟಿನ ಪಕ್ಕಕ್ಕೆ ಇಟ್ಟು, ನನ್ನ ಹಳೆಯ ಸೀರೆಯಲ್ಲಿ ಸುತ್ತಿದೆವು. ಕಂಡಕ್ಟರ್ ಲಗೇಜಿನ ಟಿಕೇಟು ಹರಿದು, "ಇಷ್ಟ ತೆಳ್ಳನ ಗಾಲಿ ನಮ್ಮ ರಸ್ತಾದಾಗ ತಡೀತಾವೇನ್ರೀ?" ಎಂದು ನಕ್ಕ. ಕೊಲ್ಹಾರದಲ್ಲಿ ಅತ್ತೆಯವರಿಗೆಂದು ಒಂದು ಗಡಿಗೆ ಮೊಸರು ಕೊಂಡೆ. ಬಡಿದು ನೋಡಿಯೇ.

ಅತ್ತೆಯವರು ಮೊಸರು ತಿಂದರು, ಸೈಕಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರನೆಯ ದಿನ ಮಗಳು ಸೀಟು ಎರಡು ಬೆರಳು ಮೇಲೆ ಎತ್ತಬೇಕೆಂದಳು. ಬೋಲ್ಟು ಸಡಿಲಿಸಿದರೂ ಸೀಟಿನ ಕೋಲು ಕದಲಲಿಲ್ಲ! ಬೆವರು, ಮಳೆ ನೀರು ಇಳಿದು ಒಳಗೇ ಹಿಡಿದುಕೊಂಡಿತ್ತು. ಅಷ್ಟೆಲ್ಲ ನೋಡಿದ ನಾವು ಇದೊಂದನ್ನು ಎತ್ತಿ ಇಳಿಸಿ ನೋಡಿರಲಿಲ್ಲ. ಚಾಚಾನಿಗೆ ಫೋನು ಮಾಡಿದರೆ, "ಅಯ್ಯೋ, ನನ್ನ ತಪ್ಪರೀ ಬಾಯಿ" ಎಂದು ನೊಂದುಕೊಂಡರು. ಸುತ್ತಿಗೆಯಿಂದ ಬಡಿಯಬೇಡಿ, ತುಕ್ಕು ಬಿಡಿಸುವ ಎಣ್ಣೆ ದಿನಾ ಸಂಜೆ ಸುತ್ತಲೂ ಬಿಟ್ಟು ಕಾಯಿರಿ ಎಂದರು. ಹಾಗೇ ಮಾಡಿದೆ. ರಾತ್ರಿ ಎಮ್ಮೆಗೆ ಮೇವು ಹಾಕಿ ಬಂದು, ಅದಕ್ಕೆ ಎಣ್ಣೆ ಬಿಟ್ಟು ಮಲಗುವುದು. ಹನ್ನೊಂದನೆಯ ದಿನ ನಮ್ಮ ಮನೆಯವರು ಸೀಟು ಹಿಡಿದು ತಿರುವಿದಾಗ ಕರ್ರೆಂದು ಬಿಟ್ಟಿತು. ಕೋಲಿಗೆ ಗ್ರೀಸು ಸವರಿ, ಎರಡು ಬೆರಳು ಮೇಲೆತ್ತಿ ಬಿಗಿದು ಕೊಟ್ಟವರು ಅವರೇ. ಮಗಳು ಮರುದಿನ ನಸುಕಿನಲ್ಲಿ ಕೊರ್ತಿಯ ಸೇತುವೆಯ ತನಕ ಹೋಗಿ ಬಂದಳು.